ತುರಿಕೆ ನಿಂತರೂ ಮುಲಾಮು ನಿಲ್ಲಿಸಬೇಡಿ

ಕೇಳುಗರಿಗೆ ನಮಸ್ಕಾರ.

ಜನನಾಂಗದ ತುರಿಕೆಯನ್ನು ಯಾರಿಗೂ ಹೇಳದೆ ವರ್ಷಗಟ್ಟಲೆ ಸಹಿಸುವವರು ಬಹಳ ಮಂದಿ. ಸಕ್ಕರೆ ಕಾಯಿಲೆಯೋ ಫಂಗಸ್ಸೋ ಇರಬೇಕು ಎಂದುಕೊಂಡು ಮೆಡಿಕಲ್ ಶಾಪಿನಿಂದ ಕ್ರೀಮು ತಂದು ಹಚ್ಚುತ್ತಾರೆ. ಆದರೆ ಮುಟ್ಟು ನಿಂತ ಹೆಂಗಸರಲ್ಲಿ, ರಾತ್ರಿ ಹೊತ್ತು ಜೋರಾಗುವ ತುರಿಕೆಗೆ ಲೈಕನ್ ಸ್ಕ್ಲೆರೋಸಸ್ ಎಂಬ ಚರ್ಮರೋಗ ಕಾರಣವಾಗಿರಬಹುದು. ಇದು ಅಂಟುರೋಗವಲ್ಲ, ಲೈಂಗಿಕ ಸಂಪರ್ಕದಿಂದ ಬರುವುದೂ ಅಲ್ಲ.

ಚರ್ಮ ಬೆಳ್ಳಗಾಗಿ, ಸಿಗರೇಟಿನ ತೆಳುಕಾಗದದ ಹಾಗೆ ಸುಕ್ಕುಗಟ್ಟುತ್ತದೆ, ಸೀಳು ಬಿಡುತ್ತದೆ. ಯೋನಿಯ ಒಳತುಟಿಗಳು ಕ್ರಮೇಣ ಕರಗಿಹೋಗುತ್ತವೆ. ತೊನ್ನಿನಲ್ಲಾದರೆ ಬಣ್ಣವಷ್ಟೇ ಹೋಗುತ್ತದೆ, ಚರ್ಮದ ಹದ ಕೆಡುವುದಿಲ್ಲ. ಗಂಡಸರಲ್ಲಿ ಮುಂದೊಗಲು ಬಿಗಿದು ಹಿಂದೆ ಸರಿಯುವುದಿಲ್ಲ. ಅದನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದರೆ, ತೆಗೆದ ತೊಗಲನ್ನು ಪೆಥಾಲಜಿ ಪರೀಕ್ಷೆಗೆ ಕಳಿಸಲೇಬೇಕು.

ಏಕೆಂದರೆ ಹೀಗೆ ಉರಿಯೂತ ವರ್ಷಗಟ್ಟಲೆ ಉಳಿದ ಚರ್ಮದಲ್ಲೇ ಸ್ಕ್ವಾಮಸ್ ಎಂಬ, ಚರ್ಮದ ಮೇಲ್ಪದರದ ಕ್ಯಾನ್ಸರ್ ಹುಟ್ಟಬಹುದು. ಜೀವಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಪಿ53 ವಂಶವಾಹಿ ಕೆಡುವುದು ಇಲ್ಲಿ ಸಾಮಾನ್ಯ. ಈ ದಾರಿಯಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ಸಿನ ಪಾತ್ರವಿಲ್ಲ, ಹಾಗಾಗಿ ಆ ವೈರಸ್ಸಿನ ಲಸಿಕೆ ಇದನ್ನು ತಡೆಯದು. ಪ್ಯಾಪ್ ಪರೀಕ್ಷೆಯೂ ಇದನ್ನು ಹಿಡಿಯದು, ಅದು ನೋಡುವುದು ಗರ್ಭಕೊರಳನ್ನು. ಹೊರಚರ್ಮವನ್ನು ವೈದ್ಯರು ಕಣ್ಣಾರೆ ನೋಡಬೇಕು.

ಸಮಾಧಾನದ ಸಂಗತಿಯೂ ಇದೆ. ಸಿಡ್ನಿಯಲ್ಲಿ 507 ಹೆಂಗಸರ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮುಲಾಮನ್ನು ವೈದ್ಯರು ಹೇಳಿದಂತೆ ಹಚ್ಚುತ್ತ ಬಂದ 357 ಮಂದಿಯಲ್ಲಿ ಒಬ್ಬರಿಗೂ ಕ್ಯಾನ್ಸರಾಗಲಿ ಅದರ ಮುನ್ಹಂತವಾಗಲಿ ಕಾಣಲಿಲ್ಲ. ಆಗೊಮ್ಮೆ ಈಗೊಮ್ಮೆ ಹಚ್ಚಿದ 150 ಮಂದಿಯಲ್ಲಿ 7 ಜನರಿಗೆ ಕಂಡಿತು.

ಸಾಮಾನ್ಯವಾಗಿ ಬರೆದುಕೊಡುವುದು ಕ್ಲೋಬೆಟಾಸಾಲ್ ಶೇ. 0.05 ಮುಲಾಮು. ಮೊದಲ 4 ವಾರ ದಿನಾ ರಾತ್ರಿ, ಮುಂದಿನ 4 ವಾರ ದಿನ ಬಿಟ್ಟು ದಿನ, ಆಮೇಲಿನ 4 ವಾರ ವಾರಕ್ಕೆರಡು ಸಲ. ತೋರುಬೆರಳ ತುದಿಗೆಣ್ಣಿನುದ್ದ ಹಿಂಡಿದರೆ ಅರ್ಧ ಗ್ರಾಂ. ಒಂದು ಸಲಕ್ಕೆ ಅದಕ್ಕಿಂತ ಹೆಚ್ಚು ಬೇಡ. 30 ಗ್ರಾಂ ಟ್ಯೂಬು 3 ತಿಂಗಳು ಬರಬೇಕು. ಜನ ಎಡವುವುದು ಇದಾದ ಮೇಲೆ: ತುರಿಕೆ ಹೋಯಿತೆಂದು ಟ್ಯೂಬು ಎತ್ತಿಡುತ್ತಾರೆ, ಒಳಗಿನ ಉರಿಯೂತ ಮತ್ತೆ ಹೊಗೆಯಾಡತೊಡಗುತ್ತದೆ. ಎಷ್ಟು ಕಾಲ, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರೇ ಹೇಳಬೇಕು. ಸೋಪು ಬಿಡಿ, ಪೆಟ್ರೋಲಿಯಂ ಜೆಲ್ಲಿ ಸವರಿ. ಇನ್ನೊಂದು ಮಾತು: ರೋಗ ಯಾವುದೆಂದು ಗೊತ್ತಾಗದೆ ಇದೇ ಸ್ಟೀರಾಯ್ಡ್ ಹಚ್ಚಿದರೆ, ಹುಳುಕಡ್ಡಿ ಇದ್ದವರಿಗೆ ಅದು ತೊಡೆಸಂದಿಗೆಲ್ಲ ಹಬ್ಬುತ್ತದೆ.

ತಿಂಗಳಿಗೊಮ್ಮೆ ಕನ್ನಡಿ ಹಿಡಿದು ನೋಡಿಕೊಳ್ಳಿ. ಮಾಯದ ಹುಣ್ಣು, ಗಂಟು, ದಪ್ಪಗಾಗಿ ಒರಟಾದ ಬಿಳಿ ಮಚ್ಚೆ, ರಕ್ತ — ಯಾವುದು ಕಂಡರೂ ತಡಮಾಡದೆ ಚರ್ಮವೈದ್ಯರ ಅಥವಾ ಸ್ತ್ರೀರೋಗ ತಜ್ಞರ ಬಳಿ ಹೋಗಿ. ಆ ಜಾಗ ಮರಗಟ್ಟಿಸಿ, ಸುಮಾರು 4 ಮಿಲಿಮೀಟರಿನ ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಈ ಕ್ಯಾನ್ಸರಿನ ಮುನ್ಹಂತ ಸೂಕ್ಷ್ಮದರ್ಶಕದಲ್ಲೂ ಸುಲಭಕ್ಕೆ ಕಣ್ತಪ್ಪುವಂಥದ್ದು. ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂದು, ಹುಣ್ಣು ಮಾತ್ರ ಹಾಗೇ ಇದ್ದರೆ, ಇನ್ನೊಮ್ಮೆ ಬಯಾಪ್ಸಿ ಮಾಡಿ ಎಂದು ಕೇಳಿ.