ಬಿಸಿಲಿಗೆ ಬಿರಿಯದ ರಬ್ಬರ್ ಹಾಳೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ತಾರಸಿಗೆ ಹಾಸುವ, ಕಾಸಿದರೆ ಕರಗುವ ಒಂದು ಜಾತಿಯ ರಬ್ಬರ್ ಹಾಳೆಯ ಮಾತು.

ಅಟ್ಟದಲ್ಲೋ ಹಿತ್ತಿಲಲ್ಲೋ ಹಳೇ ಸೈಕಲ್ ಟೈರ್ ಬಿದ್ದಿದ್ದರೆ ತೆಗೆದು ಸ್ವಲ್ಪ ಬಗ್ಗಿಸಿ ನೋಡಿ. ಬಾಗಿದ ಹೊರಮೈಯಲ್ಲಿ ಬ್ಲೇಡಿನಿಂದ ಗೀರಿದ ಹಾಗೆ ಒಂದರ ಪಕ್ಕ ಒಂದು ಸಣ್ಣ ಬಿರುಕು ಕಾಣುತ್ತವೆ. ಓಡಿಸಿ ಸವೆದದ್ದಲ್ಲ ಅದು. ಸುಮ್ನೆ ಬಿದ್ದಲ್ಲೇ ಬಿರಿದದ್ದು. ಗಾಳಿಯಲ್ಲಿ ಚೂರೇ ಚೂರು ಓಝೋನ್, ಅಂದರೆ ಆಮ್ಲಜನಕದ್ದೇ ಇನ್ನೊಂದು ರೂಪ, ಇರುತ್ತದೆ. ಮರದ ಹಾಲಿನಿಂದ ಮಾಡಿದ ರಬ್ಬರಿನ ಅಣುಗಳ ಉದ್ದನೆಯ ಸರಪಳಿಯಲ್ಲಿ ಅಲ್ಲಲ್ಲಿ ಜೋಡಿ ಬಂಧಗಳು, ಅಂದರೆ ಎರಡು ಪರಮಾಣುಗಳ ನಡುವೆ ಎರಡೆರಡು ಕೊಂಡಿ, ಇರುತ್ತವೆ. ಓಝೋನ್ ಸರಿಯಾಗಿ ಅಲ್ಲೇ ಕಡಿಯುತ್ತದೆ.

ಇಪಿಡಿಎಂ ಅನ್ನುವ ಕೃತಕ ರಬ್ಬರಿನ ಮುಖ್ಯ ಸರಪಳಿಯಲ್ಲಿ ಈ ಜೋಡಿ ಬಂಧ ಇಲ್ಲ. ಹಾಗಾಗಿ ಓಝೋನಿಗೆ ಕಡಿಯಲು ಜಾಗ ಸಿಗುವುದಿಲ್ಲ. ಕಾರಿನ ಬಾಗಿಲಿನ ಸುತ್ತ ಇರುವ ಕಪ್ಪು ಪಟ್ಟಿ ಹೆಚ್ಚಾಗಿ ಇದರದ್ದೇ. ಅದರಲ್ಲಿ ಬೆರೆಸಿದ ಇಂಗಾಲದ ಕಪ್ಪು ಪುಡಿ ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತದೆ. ಆ ಕಪ್ಪು ಬರೀ ಅಂದಕ್ಕಲ್ಲ.

ಇನ್ನೊಂದು ತೊಡಕು ಇತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಸೇರಿಸಿ ಕಾಸಿ ಗಟ್ಟಿ ಮಾಡಿದ. ದೊಡ್ಡ ಕೆಲಸವೇ. ಆದರೆ ಹಾಗೆ ಬೆಂದ ರಬ್ಬರ್ ಸುಟ್ಟ ಇಟ್ಟಿಗೆಯ ಹಾಗೆ, ಮತ್ತೆ ಮಣ್ಣಾಗದು. ಥರ್ಮೋಪ್ಲಾಸ್ಟಿಕ್ ರಬ್ಬರ್ ಬೆಲ್ಲದ ಹಾಗೆ. ಕಾಸಿದರೆ ಕರಗುತ್ತದೆ, ಆರಿದರೆ ಗಟ್ಟಿ. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನೊಳಗೆ ಇಪಿಡಿಎಂ ರಬ್ಬರನ್ನು ಬೆರೆಸಿ ಇದರ ಒಂದು ಬಗೆಯನ್ನು ಮಾಡುತ್ತಾರೆ. ಹಿಗ್ಗುವ ಗುಣ ರಬ್ಬರಿನದು, ಕರಗುವ ಗುಣ ಪ್ಲಾಸ್ಟಿಕ್ಕಿನದು. ಕತ್ತರಿಸಿ ಉಳಿದ ಚೂರನ್ನೂ ಕರಗಿಸಿ ಮತ್ತೆ ಬಳಸಬಹುದು.

ಈ ಕರಗುವ ಗುಣದ ಬೆಲೆ ನನಗೆ ತಿಳಿದದ್ದು ನಮ್ಮ ತಾರಸಿಯ ಮೇಲೆ. ಕೆಲವು ವರ್ಷದ ಹಿಂದೆ ಸೋರಿಕೆ ತಡೆಯಲು ರಬ್ಬರ್ ಹಾಳೆ ಹಾಸಿಸಿದ್ದೆವು. ಎರಡನೇ ಮಳೆಗಾಲಕ್ಕೇ ಅಡುಗೆಮನೆಯ ಗೋಡೆ ಒದ್ದೆ. ಹತ್ತಿ ನೋಡಿದರೆ ಹಾಳೆಗೆ ಏನೂ ಆಗಿರಲಿಲ್ಲ. ಎರಡು ಹಾಳೆ ಸೇರುವ ಕಡೆ ಅಂಟು ಬಿಟ್ಟು ಅಂಚು ಎದ್ದಿತ್ತು. ಬೆರಳು ತೂರಿಸಿದರೆ ಒಳಗೆಲ್ಲ ನೀರು.

ಥರ್ಮೋಪ್ಲಾಸ್ಟಿಕ್ ಹಾಳೆಗೆ ಅಂಟು ಬೇಡ. ಒಂದರ ಅಂಚಿನ ಮೇಲೆ ಇನ್ನೊಂದರ ಅಂಚು ಇಟ್ಟು, ನಡುವೆ ಬಿಸಿಗಾಳಿ ಬಿಡುತ್ತಾರೆ. ಎರಡರ ಮೈಯೂ ಕರಗಿದ ಕೂಡಲೇ ಸಣ್ಣ ರೋಲರ್ ಉರುಳಿಸಿ ಒತ್ತುತ್ತಾರೆ. ಆರಿದ ಮೇಲೆ ಎರಡೂ ಒಂದೇ ಹಾಳೆ. ಆದರೆ ಅಡಿಯಲ್ಲಿ ಧೂಳು, ತೇವ ಇದ್ದರೆ ಬೆಸುಗೆ ಹಿಡಿಯದು. ಮಳೆ ಹನಿಯುವಾಗ ಈ ಕೆಲಸ ಮಾಡಿಸಲೇಬೇಡಿ.

ತಾರಸಿಗೆ ಬಿಳಿ ಹಾಳೆಯೂ ಸಿಗುತ್ತದೆ. ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಕೆಳಗಿನ ಕೋಣೆಯ ಕಾವು ಕಡಿಮೆ. ಕೊಳದ ತಳಕ್ಕೆ, ಯಂತ್ರದ ಮುಚ್ಚಳದ ಸಂದಿಗೆ, ಲಾರಿಯ ಮಡ್‌ಗಾರ್ಡಿಗೆ, ಕಿಟಕಿ ಗಾಜಿನ ಅಂಚಿಗೂ ಈ ಜಾತಿಯ ರಬ್ಬರ್ ಬಳಸುತ್ತಾರೆ. ಎಣ್ಣೆ, ಡೀಸೆಲ್ ಚೆಲ್ಲುವ ಕಡೆ ಮಾತ್ರ ಕೇಳಿ ತಗೊಳ್ಳಿ. ಇದರಲ್ಲಿ ಕೆಲವು ಬಗೆ ಎಣ್ಣೆ ಕುಡಿದು ಉಬ್ಬುತ್ತವೆ.

ಕೆಲಸ ಮುಗಿದ ದಿನ ನೀವೇ ಮೇಲೆ ಹತ್ತಿ. ಮೊಂಡು ತುದಿಯ ಸ್ಕ್ರೂಡ್ರೈವರ್ ಒಂದನ್ನು ಬೆಸುಗೆಯ ಅಂಚಿಗೆ ತಾಗಿಸಿ ಉದ್ದಕ್ಕೂ ಎಳೆದುಕೊಂಡು ಹೋಗಿ. ತುದಿ ಎಲ್ಲಾದರೂ ಒಳಗೆ ನುಗ್ಗಿತೋ, ಅಲ್ಲಿಗೆ ಸುಣ್ಣದ ಗುರುತು ಹಾಕಿ ಮತ್ತೆ ಬಿಸಿ ಕೊಡಿಸಿ. ಹಣ ಕೊಡುವುದು ಅದಾದ ಮೇಲೆ.

ನಮಸ್ಕಾರ.