ಅಭ್ಯಾಸವಿಲ್ಲದ ಪಾಠವನ್ನು ಆರಿಸಬೇಡಿ

ನಮಸ್ಕಾರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಹನ್ನೆರಡು ಗಂಟೆಯ ವಿಡಿಯೊ ಒಂದನ್ನು ದುಪ್ಪಟ್ಟು ವೇಗದಲ್ಲಿ ನೋಡಿ ಮುಗಿಸಿದರೆ ಸಾಕೇ ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ. ಸಾಲದು. ಪ್ರೋಗ್ರಾಮಿಂಗ್‌ಗೆ ಹೊಸಬರಾದವರು ಪುಸ್ತಕವನ್ನಾಗಲಿ ವಿಡಿಯೊವನ್ನಾಗಲಿ ಆರಿಸುವಾಗ, ಅದರಲ್ಲಿ ತಾವೇ ಬಿಡಿಸಬೇಕಾದ ಅಭ್ಯಾಸಗಳು ಎಷ್ಟಿವೆ ಎಂಬುದನ್ನೇ ಮೊದಲು ನೋಡಬೇಕು.

ಬಳಕೆದಾರರ ವಯಸ್ಸನ್ನು ಕೇಳಿ, ಅದಕ್ಕೆ ಒಂದನ್ನು ಕೂಡಿಸುವ ಪುಟ್ಟ ಪ್ರೋಗ್ರಾಮನ್ನು ತೆಗೆದುಕೊಳ್ಳಿ. ವಿಡಿಯೊದಲ್ಲಿ ಬೋಧಕರು, ಬಳಕೆದಾರರು ಒತ್ತಿದ್ದನ್ನು ಓದಿಕೊಳ್ಳುವ ‘ಇನ್‌ಪುಟ್’ ಅನ್ನು ಪಠ್ಯವನ್ನು ಪೂರ್ಣಾಂಕವಾಗಿಸುವ ‘ಇಂಟ್’ನ ಆವರಣದೊಳಗಿಟ್ಟು ಸರಾಗವಾಗಿ ಬರೆದು ಮುಂದೆ ಸಾಗುತ್ತಾರೆ, ನೋಡುವವರಿಗೆ ಎಲ್ಲವೂ ತಿಳಿದಂತೆಯೇ ಇರುತ್ತದೆ. ಅದನ್ನೇ ನೀವು ಬರೆಯಲು ಕುಳಿತಾಗ ‘ಇಂಟ್’ ಬಿಟ್ಟುಹೋಗುತ್ತದೆ, ಪರದೆಯ ಮೇಲೆ, ದತ್ತಾಂಶದ ಬಗೆ ಹೊಂದುತ್ತಿಲ್ಲ ಎನ್ನುವ ದೋಷಸೂಚನೆ ‘ಟೈಪ್‌ಎರರ್’ ಕಾಣಿಸುತ್ತದೆ, ಮತ್ತು ಕೀಲಿಮಣೆಯಲ್ಲಿ ಒತ್ತಿದ 25 ಎಂಬುದು ಪೈಥಾನ್‌ಗೆ ಸಂಖ್ಯೆಯಲ್ಲ, ಎರಡು ಅಕ್ಷರಗಳ ಸ್ಟ್ರಿಂಗ್ (ಪಠ್ಯ) ಮಾತ್ರ ಎಂಬುದು ಆಗಷ್ಟೇ ಮನಸ್ಸಿಗೆ ನಾಟುತ್ತದೆ. ಆ ಎರರ್ ಅನ್ನು ಕಾಣದೆ ಹನ್ನೆರಡು ಗಂಟೆ ನೋಡಿದವರು ಕಲಿತದ್ದಾದರೂ ಏನು?

ಹಾಗಾದರೆ ಅಧಿಕೃತ ಟ್ಯುಟೋರಿಯಲ್ ಓದಿದರಾಯಿತಲ್ಲ ಎನ್ನುವವರಿದ್ದಾರೆ. ಪೈಥಾನ್‌ನ ಅಧಿಕೃತ ಟ್ಯುಟೋರಿಯಲ್ ಉಚಿತ, ನಿಖರ, ನಾನೂ ಆಗಾಗ ತೆರೆದು ನೋಡುತ್ತೇನೆ. ಆದರೆ ಅದು ಬೇರೆ ಭಾಷೆಯಲ್ಲಿ ಪ್ರೋಗ್ರಾಂ ಬರೆದು ರೂಢಿಯಿರುವವರಿಗಾಗಿ ಬರೆದದ್ದು. ಅದರಲ್ಲಿ ಅಭ್ಯಾಸಗಳಿಲ್ಲ. ಇನ್ನು ಕೆಲವರು, ಅಭ್ಯಾಸಗಳಿರುವ ಪುಸ್ತಕ ಸಿಕ್ಕಿದೆ, ಆದರೆ ಅದು ಹಳೆಯ ಆವೃತ್ತಿಯಾದ ಪೈಥಾನ್ 2ರ ಕಾಲದ್ದು ಎಂದು ಕೈಬಿಡುತ್ತಾರೆ. ಪೈಥಾನ್ 2ಕ್ಕೆ ಬೆಂಬಲ 2020ರ ಜನವರಿ 1ಕ್ಕೆ ನಿಂತಿತು, ನಿಜ. ಹೊಸ ಪುಸ್ತಕ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ? ಹಳೆಯ ಪುಸ್ತಕದಲ್ಲಿರುವಂತೆ, ಪರದೆಯಲ್ಲಿ ತೋರಿಸಲು ಬಳಸುವ ‘ಪ್ರಿಂಟ್’ಗೆ ಆವರಣ ಹಾಕದೆ ಬರೆದರೆ, ಆವರಣ ಬಿಟ್ಟುಹೋಗಿದೆ ಎಂದು ಈಗಿನ ಪೈಥಾನ್ 3 ತಾನಾಗಿಯೇ ಹೇಳುತ್ತದೆ. ಅಭ್ಯಾಸವೇ ಇಲ್ಲದ ಹೊಚ್ಚ ಹೊಸ ಕೋರ್ಸಿಗಿಂತ ಅಭ್ಯಾಸಗಳಿರುವ ಹಳೆಯ ಪುಸ್ತಕವೇ ಮೇಲು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಸಮಯವಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹನ್ನೆರಡು ಗಂಟೆ ನೋಡಲು ಸಮಯವಿದ್ದವರಿಗೆ ಹತ್ತು ಸಾಲು ಬರೆಯಲು ಇಲ್ಲವೇ? ಪ್ರಮಾಣಪತ್ರ ಕೊಡುತ್ತಾರಂತೆ, ಕೊಡಲಿ. ಬೋಧಕರು ಹೆಸರುವಾಸಿಯಂತೆ, ಇರಲಿ. ಅಭ್ಯಾಸಗಳಿವೆಯೇ? ಇಲ್ಲವೆಂದರೆ ಬಿಟ್ಟುಬಿಡಿ.

ಮುಂದಿನ ಸಂಚಿಕೆಯಲ್ಲಿ, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್‌ಗಳ ಪಾಠವಿದೆ, ಅದರ ಜೊತೆಗೆ ಇಪ್ಪತ್ತು ಅಭ್ಯಾಸಗಳನ್ನೂ ಕೊಡುತ್ತೇನೆ. ತಪ್ಪದೆ ನೋಡಲು ಈ ವಾಹಿನಿಗೆ ಚಂದಾದಾರರಾಗಿ. ಉತ್ತರಗಳು ಒಂದು ವಾರದ ನಂತರವೇ ಬರುತ್ತವೆ. ಯಾರು ಎಷ್ಟೇ ಒತ್ತಾಯಿಸಿದರೂ ಅದಕ್ಕೆ ಮೊದಲು ಕೊಡುವುದಿಲ್ಲ.