ಅಮ್ಮನ ಹೊಕ್ಕಳೇ ಬೇಕು ಅನ್ನೋ ಮಗ

ಈ ಪುಟ್ಟ ಕೈ ಏನು ಹುಡುಕ್ತಿದೆ ಅಂತ ಗೊತ್ತಾಯ್ತಾ? ನನ್ನ ಹೊಕ್ಕಳು. ನಗಬೇಡಿ, ನಿಜವಾಗ್ಲೂ. ಎರಡೂವರೆ ವರ್ಷದ ನಮ್ಮ ಪುಟ್ಟನಿಗೆ ನಿದ್ದೆ ಬರಬೇಕಂದ್ರೆ ತೋರುಬೆರಳು ಅಲ್ಲೇ ಇರಬೇಕು. ಎದೆಹಾಲು ಬಿಡಿಸಿದ ಮೇಲೆ ಶುರುವಾಗಿದ್ದು ಇದು. (ಮುಖ ತೋರಿಸ್ತಿಲ್ಲ. ನಾಳೆ ದೊಡ್ಡವನಾಗಿ ಈ ವಿಡಿಯೋ ನೋಡಿದ್ರೆ ನನಗೇ ಬೈತಾನೆ.)

ಮನೇಲಾದ್ರೆ ಪರವಾಗಿಲ್ಲ. ಮದುವೆ ಊಟಕ್ಕೆ ರೇಷ್ಮೆ ಸೀರೆ ಉಟ್ಕೊಂಡು ಕೂತಾಗ, ಹೋಳಿಗೆ ಬಡಿಸೋರು ಎದುರಿಗೇ ನಿಂತಿರುವಾಗ, ಇವನು ಸೆರಗು ಸರಿಸಿ ಬೆರಳು ತೂರಿಸಿದ್ರೆ? ಒಂದು ಕೈಲಿ ಸೆರಗು, ಇನ್ನೊಂದು ಕೈಲಿ ಅವನ ಬೆರಳು ಹಿಡ್ಕೊಂಡು, ತುಪ್ಪ ಸಾಕು ಅಂತ ಕತ್ತು ಆಡಿಸಿ ಹೇಳಿದ್ದೀನಿ. ಅವನಿಗಂತೂ ಯಾವ ಸಂಕೋಚಾನೂ ಇಲ್ಲ. ಮುಜುಗರ ಪೂರ್ತಿ ನಮ್ಮ ಪಾಲಿಗೆ.

ಸಲಹೆಗಳಿಗೇನು ಬರವಿಲ್ಲ. ಬೆರಳು ಚೀಪೋ ಮಗುಗೆ ಬೇವಿನೆಣ್ಣೆ, ಹಾಗಲಕಾಯಿ ರಸ ಹಚ್ಚಿ ಅಂತಾರಲ್ಲ, ಹಾಗೇ ನನಗೊಬ್ಬರು ಹೊಕ್ಕಳಿಗೆ ಖಾರದಪುಡಿ ಹಚ್ಕೊಳ್ಳಮ್ಮ ಅಂದ್ರು. ಉರಿಯೋದು ಯಾರ ಹೊಟ್ಟೆ ಸ್ವಾಮಿ? ಅದೂ ಅಲ್ದೆ, ಅದೇ ಬೆರಳಲ್ಲಿ ಮಗು ಕಣ್ಣುಜ್ಜಿಕೊಂಡ್ರೆ ಗತಿ ಏನು?

ಧಾರವಾಡದಲ್ಲಿರೋ ನಮ್ಮವ್ವಂದು ಒಂದೇ ಮಾತು. "ಬಿಡವಾ, ನೀ ಏನ್ ಕಮ್ಮಿ ಇದ್ದಿ? ನನ್ನ ಕಿವಿ ಹಿಡಕೊಂಡು ಮಲಗತಿದ್ದಿ. ಎಳದ ಎಳದ ಹೆಂಗ್ ಜೋತ ಬಿದ್ದೈತಿ ನೋಡಿಲ್ಲಿ."

ಅವ್ವ ಹೇಳೋದ್ರಲ್ಲಿ ತಪ್ಪಿಲ್ಲ. ಬೆರಳು ಚೀಪೋದೂ ಇಂಥದ್ದೇ ಸಮಾಧಾನದ ಅಭ್ಯಾಸ ತಾನೆ? ಹೊಟ್ಟೇಲಿರುವಾಗಲೇ ಮಗು ಬೆರಳು ಚೀಪೋದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತೆ. ಹೆಚ್ಚಿನ ಮಕ್ಕಳು 2ರಿಂದ 4 ವರ್ಷದೊಳಗೆ ಚೀಪೋದನ್ನ ತಾವೇ ಬಿಡ್ತಾರೆ. 6ರ ಹೊತ್ತಿಗೆ ಶಾಶ್ವತ ಹಲ್ಲು ಬರೋಕೆ ಶುರುವಾದ ಮೇಲೂ ಚೀಪ್ತಿದ್ರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೂದಲು ಕಿತ್ತು ಬೋಳಾಗ್ತಿದೆ, ತಲೆ ಚಚ್ಚಿಕೊಂಡು ಗಾಯ ಮಾಡ್ಕೋತಿದೆ ಅಂದ್ರೆ ಮಕ್ಕಳ ಡಾಕ್ಟರ್ ಹತ್ರ ಹೋಗಿ, ಕಾಯಬೇಡಿ. ಹೊಕ್ಕಳಿಗೆ ಡಾಕ್ಟರ್ ಬೇಕಿಲ್ಲ.

ಹಾಗಂತ ನಾನು ಸುಮ್ನೇನೂ ಇಲ್ಲ. ಹೊಟ್ಟೆ ನಂದು ತಾನೆ? ಹೊರಗಡೆ ಕೈ ಬಂದಾಗ ಮೆಲ್ಲಗೆ ತೆಗೆದು, "ಇದು ಅಮ್ಮನ ಹೊಟ್ಟೆ ಕಂದಾ. ಇಲ್ಲಿ ಬೇಡ. ಅಮ್ಮನ ಬೆರಳು ಹಿಡ್ಕೋ ಬಾ" ಅಂತೀನಿ. ಪ್ರತಿ ಸಲ ಇದೇ ಮಾತು, ಇದೇ ದನಿ. ಕೈಗೆ ಏಟಿಲ್ಲ, "ಶೇಮ್ ಶೇಮ್" ಇಲ್ಲ. ಎಲ್ಲರೂ ಸೇರಿ ನಗೋದಂತೂ ಬೇಡವೇ ಬೇಡ, ಒಂದು ಸಲ ನಕ್ಕರೆ ಅದು ಅವನಿಗೆ ಆಟ ಆಗಿಬಿಡುತ್ತೆ. ಹೋದ ವಾರ ಯಾರೋ ಮಾಮ ಕೆನ್ನೆ ಹಿಂಡೋಕೆ ಬಂದಾಗ "ಇದು ನನ್ ಕೆನ್ನೆ, ಬೇಡ" ಅಂದ! ಮಾಮನ ಮುಖ ಸಪ್ಪಗಾಯ್ತು. ನನಗೆ ಒಳಗೊಳಗೇ ಖುಷಿ.

ರಾತ್ರಿಗೆ ಪರಿಹಾರ ಸಿಕ್ಕಿದ್ದು ಅವ್ವನಿಂದ. ನೋಡಿ, ಇದೇ. ಅವ್ವನ ಹಳೇ ಇಳಕಲ್ ಸೀರೆ, ತೊಳೆದು ತೊಳೆದು ಹತ್ತಿ ಮೆತ್ತಗಾಗಿದೆ. ಅದನ್ನ ಮೂರು ಪದರ ಮಡಚಿ, ಕೌದಿ ಹೊಲಿದ ಹಾಗೆ ದಬ್ಬಣದ ದಾರ ಎಳೆದು, ಅಂಗೈ ಅಗಲದ ಒಂದು ಚೌಕ ಮಾಡಿದ್ದಾಳೆ. ನಡುವೆ ಒಂದು ಕಾಜಾ, ಪುಟ್ಟನ ಬೆರಳು ಹೋಗೋವಷ್ಟೇ. ಹತ್ತಿರ ತೋರಿಸ್ತೀನಿ, ಅಂಚಿನ ಹೊಲಿಗೆ ಆಗಲೇ ನುಣ್ಣಗಾಗಿದೆ. ಮೊದಲು ನಾನೇ ಪಕ್ಕದಲ್ಲಿಟ್ಕೊಂಡು ಮಲಗಿದೆ, ನನ್ನ ವಾಸನೆ ಹಿಡೀಲಿ ಅಂತ. ಮೊದಮೊದಲು ಎಸೆದ. ಈಗ ಅರ್ಧ ರಾತ್ರಿ ಅದು, ಅರ್ಧ ರಾತ್ರಿ ನಾನು.

ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಿನ್ನಿಕಾಟ್ ಅಂತ ಮಕ್ಕಳ ಡಾಕ್ಟರ್ ಇದ್ರು. ಮಕ್ಕಳು ಬಿಡದೆ ಹಿಡ್ಕೊಂಡಿರೋ ಇಂಥ ಬಟ್ಟೆ, ಗೊಂಬೆಗಳ ಬಗ್ಗೆ 1953ರಲ್ಲಿ ಬರೆದಿದ್ದಾರೆ. ಬಟ್ಟೆ ಕೊಳಕಾಗಿ ನಾರಿದ್ರೂ ತಾಯಿ ಒಗೆಯೋಕೆ ಹೋಗಲ್ಲ, ಒಗೆದ್ರೆ ಮಗುಗೆ ಅದು ಬೇರೆಯದೇ ಆಗಿಬಿಡುತ್ತೆ ಅಂತಾರೆ ಅವರು. ಬೆಂಗಳೂರಿನ ಧೂಳಲ್ಲಿ ಒಗೀದೇ ಇರೋಕಾಗುತ್ತಾ? ಒಗೆಯೋ ದಿನ ಇವನು ವಾಷಿಂಗ್ ಮಷೀನ್ ಗಾಜಿಗೆ ಮೂಗು ಒತ್ತಿ ಅಳ್ತಾನೆ. ನೀವು ಮಾಡಿಸೋದಾದ್ರೆ ಒಂದೇ ಸೀರೇಲಿ ಎರಡು ಮಾಡಿಸಿ. ಮೊದಲ ದಿನದಿಂದ್ಲೇ ಎರಡನ್ನೂ ಬದಲಾಯಿಸ್ತಾ ಕೊಡಿ. ಒಂದನ್ನ ಹೊಸದಾಗೇ ಬೀರುವಲ್ಲಿಟ್ಟು ಆಮೇಲೆ ಕೊಟ್ರೆ, ಮೂಸಿ ನೋಡಿ ವಾಪಸ್ ನಿಮ್ಮ ಮುಖಕ್ಕೇ ಎಸೀತಾರೆ.